ಆಕಾಶದ ಗುರಾಣಿ ಮತ್ತು ದ್ರೌಪತಿಬಾಯಿ

ದ್ರೌಪತಿಬಾಯಿಗೆ ಸಿಟ್ಟು ಬೇಗ ಬರುತ್ತದೆ ಎಂದು ಹುಮನಾಬಾದಿನಲ್ಲಿ ಹೇಳುವವರಿದ್ದರು. ಅದು ಸುಳ್ಳು. ಹದಿನಾಲ್ಕು ವರ್ಷ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ಅವರು ಒಂದು ದಿನವೂ ಮಕ್ಕಳ ಮೇಲೆ ಕೈ ಎತ್ತಿದವರಲ್ಲ. ಅವರ ಸಿಟ್ಟೆಲ್ಲ ಗೊತ್ತಿದ್ದೂ ಸುಳ್ಳು ಹೇಳುವವರ ಮೇಲೆ.

ಅವರ ಊರು ಮೋರಖಂಡಿ. ತಂದೆ ಬೇರೆಯವರ ಹೊಲದಲ್ಲಿ ದುಡಿಯುತ್ತಿದ್ದರು. 1956ರಲ್ಲಿ ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ಪಡೆದು ಬಂದವರೇ ಹತ್ತು ವರ್ಷದ ಮಗಳನ್ನು ಬಸವಕಲ್ಯಾಣದ ಶಾಲೆಗೆ ಸೇರಿಸಿದರು. "ದೊಡ್ಡವರು ಹೇಳ್ಯಾರಂತ ಯಾವುದೂ ನಂಬಬ್ಯಾಡ. ಯಾಕ ಅಂತ ಕೇಳು" ಎಂದಿದ್ದರು. ಮಗಳು ಕೇಳುತ್ತ ಕೇಳುತ್ತಲೇ ಗುಲಬರ್ಗದಲ್ಲಿ ಬಿ.ಎಸ್ಸಿ. ಮುಗಿಸಿ ಟೀಚರ್ ಆದರು.

1983ರ ಮಾರ್ಚಿನಲ್ಲಿ ಅಮೆರಿಕದ ಅಧ್ಯಕ್ಷರು, ಶತ್ರುವಿನ ಅಣು ಕ್ಷಿಪಣಿಗಳನ್ನು ದಾರಿಯಲ್ಲೇ ಹೊಡೆದುರುಳಿಸುವ ವ್ಯವಸ್ಥೆಗೆ ಕೈಹಾಕುವುದಾಗಿ ಘೋಷಿಸಿದರು. ಆ ಡಿಸೆಂಬರಿನಲ್ಲಿ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಮುಖ್ಯೋಪಾಧ್ಯಾಯ ವೈಜಿನಾಥ ಅದರದೇ ಮಾದರಿ ಮಾಡಿಸಿದರು. ಮಣ್ಣಿನ ಭೂಮಿ, ಅದರ ಮೇಲೆ ಮಗುಚಿದ ಗಾಜಿನ ಬೋಗುಣಿ. ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದಿತ್ತು: "ಆಕಾಶದ ಗುರಾಣಿ. ಇನ್ನು ಅಣುಬಾಂಬಿನ ಭಯವಿಲ್ಲ."

"ಇದು ಯಾರು ಹೇಳ್ಯಾರ್ರೀ ಸರ್?" ಎಂದರು ದ್ರೌಪತಿಬಾಯಿ.

"ಪೇಪರದಾಗ ಬಂದದ ಬಾಯಿ. ಬೀದರದಿಂದ ಸಾಹೇಬರು ಬರಾಕತ್ತಾರ. ಹೊಸಾದು ಏನರ ತೋರಿಸಬೇಕಲ್ರಿ."

"ಹನ್ನೊಂದು ವರ್ಷದ ಹಿಂದ ಅಮೆರಿಕಾ, ರಷ್ಯಾ ಎರಡೂ ಕೂಡಿ, ಇಂಥಾ ಗುರಾಣಿ ದೇಶದ ತುಂಬ ಕಟ್ಟೂದಿಲ್ಲ ಅಂತ ಒಪ್ಪಂದ ಮಾಡ್ಯಾವ್ರಿ. ಯಾಕ? ಒಬ್ಬಂವ ಗುರಾಣಿ ಹಿಡಿದ್ರ, ಇಂವ ನನಗ ಮೊದಲು ಹೊಡೀತಾನ, ನಾ ತಿರುಗಿ ಹೊಡೆದ್ರ ತಾಗೂದಿಲ್ಲ ಅಂತ ಇನ್ನೊಬ್ಬಂವ ಹೆದರತಾನ. ಹೆದರಿ ಇನ್ನಷ್ಟು ಕ್ಷಿಪಣಿ ಮಾಡತಾನ. ಭಯ ಹೋಗೂದಿಲ್ರಿ, ಹೆಚ್ಚಾಗ್ತದ."

"ಅದೆಲ್ಲ ನಮಗ್ಯಾಕ್ರಿ? ನಾವು ಹುಮನಾಬಾದದಾಗ ಇದ್ದೀವಿ."

"ಬಾಂಬಿನ ಬೂದಿ ಊರಿನ ಹೆಸರು ಕೇಳಿ ಬೀಳ್ತದೇನ್ರಿ?"

ಮುಖ್ಯೋಪಾಧ್ಯಾಯರು ಗಾಜಿನ ಬೋಗುಣಿಯನ್ನು ಸರಿಮಾಡಿಟ್ಟು ಹೊರಟುಹೋದರು. ಹಲಗೆಯ ಬರಹ ಹಾಗೇ ಉಳಿಯಿತು.

ಪ್ರದರ್ಶನದ ದಿನ ಬೀದರಿನ ಶಿಕ್ಷಣಾಧಿಕಾರಿ ಅದನ್ನು ಓದಿ ತಲೆದೂಗಿ, ಮಾದರಿಯ ಬಳಿ ನಿಂತಿದ್ದ ಒಂಬತ್ತನೆಯ ತರಗತಿಯ ಸೋನುಬಾಯಿಯನ್ನು ಕೇಳಿದರು: "ಇದು ಹ್ಯಾಂಗ ಕೆಲಸ ಮಾಡ್ತದವ್ವ?" ಹುಡುಗಿ ಬಾಯಿಪಾಠದ ಮೊದಲ ಸಾಲು ಹೇಳಿ, ತನ್ನ ಟೀಚರಿನ ಮುಖ ನೋಡಿ ತಡವರಿಸಿದಳು.

ದ್ರೌಪತಿಬಾಯಿ ಮುಂದೆ ಬಂದರು. "ಕೆಲಸ ಮಾಡೂದಿಲ್ರಿ ಸಾಹೇಬ್ರ. ಅದನ್ನ ಇನ್ನೂ ಯಾರೂ ಕಟ್ಟೇ ಇಲ್ಲ. ಇಲ್ಲದ್ದು ಅದ ಅಂತ ಈ ಮಕ್ಕಳ ಬಾಯಿಲೆ ಹೇಳಸಾಕತ್ತೇವಿ." ಎಲ್ಲರೂ ನೋಡುತ್ತಿರುವಂತೆಯೇ ಹಲಗೆಯ ಮೇಲಿನ ಸಾಲನ್ನು ಅಂಗೈಯಿಂದ ಒರೆಸಿಬಿಟ್ಟರು.

ಮೂರನೆಯ ದಿನ ಮೆಮೋ ಬಂತು. ಅತಿಥಿಯ ಎದುರು ಶಾಲೆಯ ಮರ್ಯಾದೆ ಕಳೆದದ್ದಕ್ಕೆ ಕ್ಷಮೆ ಬರೆದುಕೊಡಬೇಕು. ಉರ್ದು ಕಲಿಸುತ್ತಿದ್ದ ಗೆಳತಿ ವಜೀರಬಿ, "ಎರಡು ಸಾಲು ಬರದು ಕೊಡು, ಝಗಡಾ ಖತಂ" ಎಂದರು. ದ್ರೌಪತಿಬಾಯಿ ಮೂರು ಪುಟ ಬರೆದರು. ಒಪ್ಪಂದದ ವರ್ಷ, ಅದರ ಕಾರಣ, ಮಕ್ಕಳಿಗೆ ಸುಳ್ಳು ಕಲಿಸುವುದು ಯಾವ ನಿಯಮದಲ್ಲಿದೆ ಎಂಬ ಪ್ರಶ್ನೆ. ಕ್ಷಮೆಯ ಮಾತು ಎಲ್ಲೂ ಇರಲಿಲ್ಲ. ಜೂನಿನಲ್ಲಿ ಅವರನ್ನು ಕೊಡಂಬಲದ ಹಳ್ಳಿ ಶಾಲೆಗೆ ವರ್ಗ ಮಾಡಿದರು. "ಅವಿಧೇಯೆ" ಎಂದು ಸರ್ವಿಸ್ ಬುಕ್ಕಿನಲ್ಲಿ ಷರಾ ಬಿತ್ತು.

1986ರ ಅಕ್ಟೋಬರಿನಲ್ಲಿ ಆ ಎರಡು ದೇಶಗಳ ನಾಯಕರು ಐಸ್‌ಲ್ಯಾಂಡಿನಲ್ಲಿ ಕುಳಿತರು. ಅಣ್ವಸ್ತ್ರಗಳನ್ನು ಹಿಂದೆಂದೂ ಇಲ್ಲದಷ್ಟು ಕಡಿಮೆ ಮಾಡುವ ಮಾತು ಇನ್ನೇನು ಕೂಡಿಬರುವುದರಲ್ಲಿತ್ತು. ಅಮೆರಿಕ ಗುರಾಣಿಯ ವಿಷಯದಲ್ಲಿ ಪಟ್ಟು ಸಡಿಲಿಸಲಿಲ್ಲ, ರಷ್ಯ ಅದನ್ನು ಒಪ್ಪಲಿಲ್ಲ, ಸಭೆ ಮುರಿಯಿತು.

ಮುಂದಿನ ಭಾನುವಾರ ವಜೀರಬಿ ಆ ಸುದ್ದಿಯ ಪತ್ರಿಕೆಯೊಂದಿಗೆ ಬಸ್ಸು ಹಿಡಿದು ಕೊಡಂಬಲಕ್ಕೆ ಬಂದರು. "ನೀ ಅಂದಿದ್ದೇ ಖರೆ ಆತು ನೋಡು!"

"ಖರೆ ಆಗಿದ್ದಕ್ಕ ಖುಷಿ ಪಡ್ಲೇನು?" ದ್ರೌಪತಿಬಾಯಿ ಪತ್ರಿಕೆಯನ್ನು ಮೇಜಿಗೆ ಅಪ್ಪಳಿಸಿದರು. "ಇನ್ನೂ ಹುಟ್ಟದಿದ್ದ ಗುರಾಣಿ ಸಲುವಾಗಿ, ಇದ್ದ ಬಾಂಬು ಎಲ್ಲ ಹಂಗೇ ಬಿಟ್ಟು ಎದ್ದು ಹೋದ್ರು. ಅವರಿಗಿ ಯಾರು ಮೆಮೋ ಕೊಡತಾರ?"

ಸೋಮವಾರವೇ ಪತ್ರಿಕೆ ಹಿಡಿದು ಬೀದರಿಗೆ ಹೋದರು. ಷರಾ ತೆಗೆಯಿರೆಂದರು. ಹೊಸದಾಗಿ ಬಂದಿದ್ದ ಅಧಿಕಾರಿ ಸುದ್ದಿಯನ್ನು ಪೂರ್ತಿ ಓದಿ, "ನೀವು ಹೇಳಿದ್ದು ಬರೋಬರ್ ಅದರಿ ಬಾಯಿ. ಆದರ ಎಲ್ಲರ ಮುಂದ ಹೇಳಬಾರದಿತ್ತು" ಎಂದರು.

"ಎಲ್ಲರ ಮುಂದ ಸುಳ್ಳು ಬರೆದಿದ್ರು. ಖರೆ ಎಲ್ಲಿ ಹೇಳ್ಬೇಕಿತ್ರಿ, ಅಡಗಿ ಮನ್ಯಾಗೇನು?"

ಅಧಿಕಾರಿ ಪತ್ರಿಕೆ ಮಡಚಿ ವಾಪಸು ಕೊಟ್ಟರು. ಷರಾ ಹೋಗಲಿಲ್ಲ, ಬಡ್ತಿಯೂ ಬರಲಿಲ್ಲ.