ಅಕ್ಕನ ಗೇಣು

ಊರೆಲ್ಲ ಅವನನ್ನು ಕರೆಯುತ್ತಿದ್ದುದು ಸೂಜಿ ಎಂದು. ಹೊಲಿಗೆ ಯಂತ್ರ ರಿಪೇರಿ ಮಾಡುವ ಕಸುಬು, ಮೈಕಟ್ಟೂ ಅಂಥದ್ದೇ. ಹೆಸರು ತಾನಾಗಿಯೇ ಅಂಟಿಕೊಂಡಿತು. ಅಂಗಡಿಯೆಂದರೆ ರಸ್ತೆಗೆ ಬಾಯಿ ತೆರೆದ ಒಂದೇ ಕೋಣೆ: ಎಣ್ಣೆ ಕುಡಿದು ಕಪ್ಪಾದ ಮೇಜು, ಕಿಟಕಿಯ ಸರಳಿಗೆ ನೇತುಹಾಕಿದ ಬೆಲ್ಟುಗಳು, ಡಬ್ಬಿ ತುಂಬ ಮುರಿದ ಬಾಬಿನ್‌ಗಳು. ಅಂಥ ಕೋಣೆಯಲ್ಲಿ ಕಳೆ ಕೀಳುವ ರೋಬೋಟ್ ಹುಟ್ಟುತ್ತದೆಂದು ಯಾರು ತಾನೇ ಅಂದುಕೊಂಡಿದ್ದರು!

ಹುಟ್ಟಿದ್ದು ಅಕ್ಕನಿಂದಾಗಿ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು. ಊರಂಚಿನ ಹೊಲದಲ್ಲಿ ನವಿಲುಕೋಸು ಬೆಳೆಯುತ್ತಿದ್ದಳು. ಒಂದು ದಿನ ಊಟದ ತಟ್ಟೆಯ ಮುಂದೆ ಕುಳಿತು, "ಮಂಡಿ ಬಗ್ತಾ ಇಲ್ಲ ಕಣೋ. ಇನ್ನೊಂದು ಬೆಳೆ ತೆಗೆದು ಹೊಲಾನ ಪಕ್ಕದವರಿಗೆ ಗುತ್ತಿಗೆ ಕೊಟ್ಬಿಡ್ತೀನಿ," ಎಂದಳು. ಆ ಹೊಲ ಬಿಟ್ಟರೆ ಅಕ್ಕ ಅಕ್ಕನಾಗಿ ಉಳಿಯುವುದಿಲ್ಲ ಎಂಬುದು ಸೂಜಿಗೆ ಗೊತ್ತಿತ್ತು.

"ಸ್ವಲ್ಪ ತಡ್ಕೋ. ಕಳೆ ತೆಗೆಯೋಕೆ ನಾನೊಂದು ಯಂತ್ರ ಮಾಡಿಕೊಡ್ತೀನಿ."

ಭಾವ ತುತ್ತು ನೆತ್ತಿಗೇರುವಷ್ಟು ನಕ್ಕರು. "ಏನಪ್ಪಾ, ನೆಲಕ್ಕೆ ಹೊಲಿಗೆ ಹಾಕ್ತೀಯಾ?"

ಹಾಕಿದ್ದು ಹೆಚ್ಚುಕಡಿಮೆ ಅದನ್ನೇ. ಮೊದಲು ಹಳೆಯ ಫೋನಿನ ಕ್ಯಾಮೆರಾ ಕಟ್ಟಿ ನೋಡಿದ. ಆ ಮಹಾಶಯನಿಗೆ ಹಸಿರಾದದ್ದೆಲ್ಲ ಕಳೆಯೇ. ಭಾವನ ಹಸಿರು ಅಂಗಿಯ ಮೇಲೂ ಕಣ್ಣು ಹಾಕಿದ. ಆ ಕ್ಯಾಮೆರಾ ಕಿತ್ತೆಸೆದು ಸೂಜಿ ತನಗೆ ಗೊತ್ತಿದ್ದ ದಾರಿ ಹಿಡಿದ. ನಾಲ್ಕು ಚಕ್ರ, ಒಂದು ಬ್ಯಾಟರಿ, ಅಡಿಯಲ್ಲಿ ಮಣ್ಣು ಕೆರೆಯುವ ಎರಡು ಅಲಗು. ಹೊಲಿಗೆ ಯಂತ್ರದಲ್ಲಿ ಬಟ್ಟೆ ಸರಿದಂತೆ ಸೂಜಿ ಏಳುತ್ತದಲ್ಲ, ಹಾಗೆ ಗಾಡಿ ಗೇಣು ಸರಿದಾಗಲೊಮ್ಮೆ ಅಲಗುಗಳು ಬಾಯಿ ತೆರೆದು ಸಸಿಗೆ ದಾರಿ ಬಿಡಬೇಕು, ಮತ್ತೆ ಮುಚ್ಚಿ ನಡುವಿನ ಕಳೆ ಕೆರೆಯಬೇಕು. ಅಕ್ಕ ಸಸಿ ನೆಡುವುದು ಗೇಣು ಹಾಕಿಯೇ. ಅವಳ ಗೇಣಿನ ಮೇಲೆ ಸೂಜಿಗೆ ಟೇಪಿಗಿಂತ ಹೆಚ್ಚು ನಂಬಿಕೆ. ಚಿಕ್ಕವನಿದ್ದಾಗ ಅವನ ಅಂಗಿಗೆ ಬಟ್ಟೆ ಅಳೆದದ್ದೂ ಅದೇ ಕೈ. ಹೊಸ ಬೆಳೆಯ ಮೊದಲ ಸಾಲನ್ನು ಅಳೆದು ಹಲ್ಲುಚಕ್ರ ಕೂರಿಸಿದ.

ಪರೀಕ್ಷೆಯ ದಿನ ಮೊದಲ ಸಾಲುಗಳಲ್ಲಿ ಗಾಡಿ ಸೊಗಸಾಗಿ ನಡೆಯಿತು. ಭಾವ ಕೂಡ "ಪರವಾಗಿಲ್ವೇ!" ಎಂದು ಹುಬ್ಬೇರಿಸಿದರು. ಹೊಲದ ನಡುಭಾಗಕ್ಕೆ ಬಂದದ್ದೇ ತಡ, ಕಚಕ್! ಒಂದು ಸಸಿ ಮಲಗಿತು. ಮತ್ತೆ ಕಚಕ್.

"ಅಯ್ಯೋ, ನಿಲ್ಸೋ, ನಿಲ್ಸೋ!" ಅಕ್ಕ ಕೂಗಿಕೊಂಡಳು.

"ಕಳೆ ಬಿಟ್ಟು ಬೆಳೆ ತೆಗೀತಲ್ಲೋ ನಿನ್ನ ಸುಪುತ್ರ!" ಎಂದರು ಭಾವ.

ಸೂಜಿ ಚಕ್ರ, ಬೆಲ್ಟು, ಹಲ್ಲು ಎಲ್ಲ ತಡಕಿದ. ಎಲ್ಲ ಸರಿಯಾಗಿಯೇ ಇತ್ತು. ಕೊನೆಗೆ ಟೇಪು ಹಿಡಿದು ಸಾಲಿನಲ್ಲೇ ಕುಕ್ಕರಿಸಿದ. ಮುಂದೆ ಹೋದಂತೆ ಸಸಿಗಳ ನಡುವಿನ ಅಂತರ ಕುಗ್ಗುತ್ತಿತ್ತು. ಕೊನೆಯ ಸಾಲಿನಲ್ಲಿ ಗೇಣು ಹೋಗಿ ಚೋಟಾಗಿತ್ತು. ಅವನಿಗೆ ರೇಗಿತು.

"ಎಲ್ಲೋ ಜ್ಞಾನ ಇಟ್ಕೊಂಡು ಕಾಟಾಚಾರಕ್ಕೆ ನೆಟ್ಟಿದ್ದೀಯಲ್ಲಕ್ಕಾ! ನಿನ್ನ ಗೇಣು ನಂಬಿ ಇಷ್ಟೆಲ್ಲ ಮಾಡಿದೆ ನಾನು."

ಅಕ್ಕ ತಿರುಗಿ ಬೈಯಲಿಲ್ಲ. ಬಲಗೈಯನ್ನು ಬೆನ್ನ ಹಿಂದೆ ಸರಿಸಿದಳು. ಅಕ್ಕ ಬೈಯದೆ ಸುಮ್ಮನಿರುವುದೆಂದರೆ! ಸೂಜಿ ಟೇಪು ಕೆಳಗಿಟ್ಟು ಎದ್ದ.

"ಕೈ ತೋರ್ಸು."

"ಏನಿಲ್ಲ, ಹೋಗೋ."

ಅವನು ಆ ಕೈಯನ್ನು ಎಳೆದು ತನ್ನ ಅಂಗೈ ಮೇಲಿಟ್ಟುಕೊಂಡು ಬೆರಳು ಬಿಡಿಸಲು ಹೇಳಿದ. ಹೆಬ್ಬೆರಳು ಅರ್ಧಕ್ಕೇ ನಿಂತಿತು. ಗೆಣ್ಣುಗಳು ಊದಿಕೊಂಡಿದ್ದವು. ನೆಡುತ್ತ ನೆಡುತ್ತ, ನೋವು ಏರಿದಂತೆಲ್ಲ, ಕೈ ಮುದುಡಿಕೊಂಡಿತ್ತು.

"ಮಂಡಿ ನೋವು ಅಂದ್ಯಲ್ಲ?"

"ನೀನು ಯಂತ್ರ ಮಾಡಿಕೊಡ್ತೀನಿ ಅಂದಾಗ ಆಸೆ ಹುಟ್ಟಿಬಿಡ್ತು ಕಣೋ. ಕೈ ಕತೆಯೂ ಹೇಳಿದ್ರೆ ಎಲ್ಲಿ ನೀವಿಬ್ರೂ ಸೇರಿ ಸಾಕು ಬಿಡು ಅಂತೀರೋ ಅಂತ..."

ಸೂಜಿಗೆ ನಾಚಿಕೆಯಾಯಿತು, ಅಳುವೂ ಬಂತು. ಅಕ್ಕನ ಗೇಣಿನ ಲೆಕ್ಕವನ್ನು ಹಗಲೂ ರಾತ್ರಿ ಹಾಕಿದ್ದ, ಅವಳ ಕೈಯನ್ನು ಮಾತ್ರ ಒಮ್ಮೆಯೂ ನೋಡಿರಲಿಲ್ಲ.

ಅಂಗಡಿಗೆ ಬಂದವನೇ ಹಲ್ಲುಚಕ್ರ ಬಿಚ್ಚಿಹಾಕಿದ. ಅಲಗುಗಳ ಮುಂದೆ ಸ್ಪ್ರಿಂಗು ತಂತಿಯೊಂದನ್ನು ಮೀಸೆಯ ಹಾಗೆ ಕೂರಿಸಿದ. ಎಳೆಯ ಕಳೆ ತಂತಿಯ ಕೆಳಗೇ ಬಾಗಿ ಅಲಗಿಗೆ ಸಿಗುತ್ತದೆ. ಸಸಿಯ ಗಟ್ಟಿ ಕಾಂಡ ತಾಗಿದಾಗ ಮಾತ್ರ ಅಲಗು ಬಾಯಿ ತೆರೆಯುತ್ತದೆ. ಈ ಸಲ ಗಾಡಿ ಚೋಟು ಅಂತರದ ಕೊನೆಯ ಸಾಲನ್ನೂ ದಾಟಿತು. ಒಂದು ಸಸಿಯೂ ಬೀಳಲಿಲ್ಲ.

ಕೊಯ್ಲು ಮುಗಿದ ಮೇಲೆ ಪಕ್ಕದ ಹೊಲದವರು ಗುತ್ತಿಗೆಯ ಮಾತೆತ್ತಿದರು. "ಈಗ ಬೇಡ ಬಿಡಿ" ಎಂದಳು ಅಕ್ಕ. ಮುಂದಿನ ಬೆಳೆಗೆ ಸಸಿ ನೆಡಲು ಸಾಲಿನಲ್ಲಿ ಕುಕ್ಕರಿಸಿದವನು ಸೂಜಿ. ಬದುವಿನ ಮೇಲೆ ಕುಳಿತ ಅಕ್ಕ ಅಲ್ಲಿಂದಲೇ ಗದರಿದಳು.

"ಏಯ್, ಎಲ್ಲಾ ಅಡ್ಡಾದಿಡ್ಡಿ ನೆಡ್ತಿದ್ದೀಯಲ್ಲೋ! ನಿನ್ನ ಗೇಣಿಗೇನಾಗಿದೆ?"

"ಆದ್ರೆ ಆಗ್ಲಿ ಬಿಡಕ್ಕ. ಗಾಡಿ ಈಗ ಮುಟ್ಟಿ ನೋಡ್ದೆ ಅಲಗು ಹಾಕಲ್ಲ."

"ಅಷ್ಟು ಬುದ್ಧಿ ನಿನಗೂ ಬಂತಲ್ಲ, ಸಾಕು!"

ಅಕ್ಕ ನಕ್ಕಳು. ಬಲಗೈಯನ್ನು ಅವಳೀಗ ಬಚ್ಚಿಟ್ಟುಕೊಂಡಿರಲಿಲ್ಲ. ಮಡಿಲಲ್ಲಿ ಬಿಸಿಲಿಗೆ ಹಿಡಿದು ಕುಳಿತಿದ್ದಳು.