ಬಾಸ್ಕೆಟ್ ಹಾಕಿದವರಿಗೆ ಕಿತ್ತಳೆ

ಬಲಗೈ ಕಿರುಬೆರಳಿನ ಉಗುರೊಂದನ್ನು ಮಾತ್ರ ಅವರು ಉದ್ದಕ್ಕೆ ಬೆಳೆಸಿದ್ದರು. ಆಟದ ವಿರಾಮಕ್ಕೆಂದು ನಾವು ತಾಯಂದಿರು ಹೆಚ್ಚಿ ತಂದ ಕಿತ್ತಳೆ ಹೋಳಿನ ಬೀಜವನ್ನು ಆ ಉಗುರಿನಿಂದಲೇ ಎಬ್ಬಿಸಿ ತೆಗೆದು, ಮೊದಲ ಹೋಳನ್ನು ತಮ್ಮ ಬಾಯಿಗೇ ಹಾಕಿಕೊಳ್ಳುತ್ತಿದ್ದರು.

ಇವತ್ತು ಬೆಳಿಗ್ಗೆ ಹಾಲು ಕಾಯಿಸಿ, ಯಜಮಾನರನ್ನು ಥಾಣೆಯ ಲೋಕಲ್ ಟ್ರೇನಿಗೆ ಕಳಿಸಿ, ಮಗಳ ಡಬ್ಬಿಗೆ ಕಿತ್ತಳೆ ಸುಲಿಯುತ್ತಿದ್ದಾಗ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಗ್ರೂಪಿನಲ್ಲಿ ಮೆಸೇಜು ಬಂತು. ಕೋಚ್ ಸರ್ ಊರಿನಲ್ಲಿ ತೀರಿಕೊಂಡರಂತೆ; ಸಂಜೆ ಆರಕ್ಕೆ ಬಾಸ್ಕೆಟ್‌ಬಾಲ್ ಕೋರ್ಟಿನ ಪಕ್ಕ ಶೋಕಸಭೆಯಂತೆ. ನನಗೆ ಮೊದಲು ನೆನಪಾದದ್ದು ಮುಖವಲ್ಲ, ಆ ಉಗುರು.

ಹಿಂದೆಯೇ ಸೆಕ್ರೆಟರಿಯ ಫೋನು. "ಭಾಭೀಜಿ, ಆಪ್ ದೋ ಶಬ್ದ್ ಬೋಲಿಯೇ. ಆಪ್ ಕಾನ್ವೆಂಟ್‌ವಾಲೀ, ಅಚ್ಛಾ ಬೋಲ್ತೀ ಹೈಂ." ಸಭೆಯಲ್ಲಿ ನಾನು ಎರಡು ಮಾತಾಡಬೇಕಂತೆ. ಆಗುವುದಿಲ್ಲ ಎನ್ನಲು ನನಗೆ ಬರುವುದಿಲ್ಲ. ಮೈಸೂರಿನ ನಮ್ಮ ಸಿಸ್ಟರುಗಳು ಅದೊಂದನ್ನು ಕಲಿಸಲಿಲ್ಲ. ಸುಳ್ಳು ಹೇಳುವುದನ್ನೂ ಕಲಿಸಲಿಲ್ಲ. ಹಾಗಾದರೆ ಸಂಜೆ ಹೇಳುವುದೇನು?

ಶೂ ಕಟ್ಟಿಕೊಳ್ಳುತ್ತಿದ್ದ ಮಗಳನ್ನು ಕೇಳಿದೆ. ಹದಿನಾರರ ಹುಡುಗಿ, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. "ಕುಛ್ ಅಚ್ಛಾ ಬೋಲ್ ದೇನಾ, ಮಮ್ಮಾ. ಜಾನೇ ದೋ." ಏನಾದರೂ ಒಳ್ಳೆಯದು ಹೇಳಿ ಮುಗಿಸಬೇಕಂತೆ. ಡಬ್ಬಿ ಎತ್ತಿಕೊಂಡು ಹೋದಳು. ವಾಷಿಂಗ್ ಮಷೀನಿನ ಹಿಂದೆ ಗಾಳಿ ಹೋದ ಅವಳ ಬಾಲು ಮೂರು ವರ್ಷದಿಂದ ಬಿದ್ದಿದೆ.

ನಾವು ನವಿ ಮುಂಬೈಯ ಐರೋಲಿಯ ಈ ಸೊಸೈಟಿಗೆ ಬಂದಾಗ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡ ಆಗಲೇ ಅವರ ಕೈಯಲ್ಲಿತ್ತು. ಉಡುಪಿ ಕಡೆಯವರು. ಶಹಾಡಿನ ಯಾವುದೋ ಕಾರ್ಖಾನೆಯ ತಂಡದಲ್ಲಿ ಆಡಿದವನು ನಾನು ಎಂದು ಪ್ರತಿ ಹೊಸ ತಾಯಿಗೂ ಹೇಳುವರು. ಆಡಿದ್ದರೋ, ಬೇಲಿಯಾಚೆ ನಿಂತು ನೋಡಿದ್ದರೋ, ನಾನರಿಯೆ. ನಾನು ಕಂಡ ಎರಡು ವರ್ಷದಲ್ಲಿ ಒಮ್ಮೆಯೂ ಬಾಲ್ ಮುಟ್ಟಲಿಲ್ಲ. ಅದು ಉರುಳುತ್ತ ಹತ್ತಿರ ಬಂದರೆ ಬಿಳಿ ಶೂಗೆ ತಾಗದಂತೆ ಸರಿದು ನಿಲ್ಲುವರು, ಬೀದಿನಾಯಿಗೆ ದಾರಿ ಬಿಡುವ ಹಾಗೆ.

ಅವರ ವಿದ್ಯೆಯೆಲ್ಲ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ರಿಂಗಿನ ಕೆಳಗೆ ಬಣ್ಣ ಬಳಿದ ಜಾಗವನ್ನು ತೋರಿಸಿ ಹಿಂದಿಯಲ್ಲೊಮ್ಮೆ, ನಮ್ಮ ಕನ್ನಡದಲ್ಲೊಮ್ಮೆ ಹೇಳುವರು, "ಇದು ಗರ್ಭಗುಡಿ ಮಕ್ಕಳೇ. ಎಲ್ಲರೂ ನುಗ್ಗುದಲ್ಲ. ಒಳಗೆ ಭಟ್ರು ಒಬ್ಬರೇ. ಉಳಿದವರು ಹೊರಗಿಂದ ಹೂ ಕೊಡುದು."

ಭಟ್ಟರ ಸ್ಥಾನ ಸೆಕ್ರೆಟರಿಯ ಮಗಳಿಗೆ. ಉದ್ದಕ್ಕಿದ್ದ ಒಳ್ಳೆಯ ಹುಡುಗಿ ಪಾಪ, ಅಲ್ಲಿ ಕೈಯೆತ್ತಿ ಕಂಬದಂತೆ ಕಾಯುತ್ತಿದ್ದಳು. ಹೂ ಕೊಡುವ ನಾಲ್ವರಲ್ಲಿ ನನ್ನ ಮಗಳೊಬ್ಬಳು. ಜಡೆಯ ಹಳದಿ ಬ್ಯಾಂಡನ್ನು ಬಲಗೈ ಮಣಿಕಟ್ಟಿಗೆ ಸುತ್ತಿಕೊಂಡು ಆಡುವಳು. ಒಂದು ಕಡೆ ನೋಡುತ್ತ ಇನ್ನೊಂದು ಕಡೆಗೆ ಪಾಸ್ ಕೊಡುವಳು; ಆ ಹಳದಿಯ ಮೇಲೆ ಕಣ್ಣಿಟ್ಟರೆ ಮಾತ್ರ ಬಾಲ್ ಎಲ್ಲಿ ಹೋಯಿತೆಂದು ನನಗೆ ತಿಳಿಯುತ್ತಿತ್ತು.

ವಿರಾಮದಲ್ಲಿ ಕಿತ್ತಳೆ ಡಬ್ಬಿ ಅವರ ತೊಡೆಯ ಮೇಲೆ. ಬಾಸ್ಕೆಟ್ ಹಾಕಿದವರಿಗೆ ಹೋಳು, ಮಿಕ್ಕವರಿಗೆ ನೀರು. ಹೆಚ್ಚಿ ತಂದವಳು ನಾನು. ನನ್ನ ಮಗಳಿಗೆ ನೀರು. ಒಮ್ಮೆ ಹಳೆಯ ತರಕಾರಿ ಚೀಟಿಯ ಹಿಂದೆ, ಅವಳ ಪಾಸಿನಿಂದಾದ ಬಾಸ್ಕೆಟ್ಟಿಗೆಲ್ಲ ಗೀಟು ಎಳೆದು, ತೋರಿಸಿಯೇಬಿಟ್ಟೆ. ನಕ್ಕರು.

"ಎಂತ ಅಕ್ಕ ನೀವು! ಬಡಿಸಿದವರನ್ನು ಯಾರು ನೆನಪಿಟ್ಕೊಳ್ತಾರೆ ಮಾರಾಯ್ರೆ? ಉಂಡವರ ಹೊಟ್ಟೆ ತುಂಬಿತಾ, ಅಷ್ಟೇ ನೋಡುದು."

ಬಡಿಸುವುದೇ ಬದುಕಾದವಳ ಮುಂದೆ ಈ ಮಾತು. ಹೇಳಿದವರ ಮೀಸೆಯಲ್ಲಿ ನಾನು ತಂದ ಕಿತ್ತಳೆಯ ನಾರು ಅಂಟಿಕೊಂಡಿತ್ತು. ನಾನು ಚೀಟಿ ಮಡಿಸಿ ಪರ್ಸಿಗೆ ಹಾಕಿಕೊಂಡೆ.

ಕೊನೆಗೊಂದು ಭಾನುವಾರ ಪಕ್ಕದ ಘಣಸೋಲಿಯಲ್ಲಿ, ಅಲ್ಲಿನ ಸೊಸೈಟಿಯೊಂದರ ಜೊತೆ ಫೈನಲ್. ನಮ್ಮ ಭಟ್ಟರು ಗರ್ಭಗುಡಿಯಲ್ಲಿ ನಿಂತರು. ರೆಫರಿ ಸೀಟಿ ಊದಿ ಮೂರು ಬೆರಳು ತೋರಿಸಿ ಬಾಲನ್ನು ಎದುರು ತಂಡಕ್ಕೆ ಕೊಟ್ಟ. ಮತ್ತೆ ಹಾಗೆಯೇ. ಮತ್ತೆ. ಕೋಚ್ ಸರ್ ಕುರ್ಚಿಯಿಂದ ಎದ್ದು ಕೂಗಿದರು, "ಅವಳು ಯಾರನ್ನೂ ಮುಟ್ಟಲೇ ಇಲ್ಲ!" ಸೀಟಿ ಊದಿದ್ದು ಯಾರನ್ನೋ ಮುಟ್ಟಿದ್ದಕ್ಕಲ್ಲ. ಎದುರಾಳಿಯ ರಿಂಗಿನ ಕೆಳಗಿನ ಆ ಬಣ್ಣದ ಜಾಗದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತು ಕಾಯುವಂತಿಲ್ಲ. ನನ್ನ ಪಕ್ಕದಲ್ಲಿ ಕೂತಿದ್ದ ಆ ಸೊಸೈಟಿಯ ಅಜ್ಜಿಗೆ ಅದು ಗೊತ್ತಿತ್ತು; ಮರಾಠಿಯಲ್ಲಿ ನನಗೆ ಬಿಡಿಸಿ ಹೇಳಿದರು. ಶಹಾಡಿನ ಮಹಾ ಆಟಗಾರರಿಗೆ ಗೊತ್ತಿರಲಿಲ್ಲ. ತಪ್ಪನ್ನು ಪಾಸ್ ಕೊಡುವವರ ತಲೆಗೆ ಕಟ್ಟಿದರು: "ಹೂ ತಡ ಮಾಡುದು ನೀವು!"

ಆಗ ನನ್ನ ಮಗಳು ಭಟ್ಟರ ಕಡೆ ನೋಡುತ್ತಲೇ, ಎದುರಿನವಳ ತೋಳಿನಡಿ ಬಾಲನ್ನು ನೆಲಕ್ಕೊಮ್ಮೆ ತಟ್ಟಿ, ಹಿಂದಿನಿಂದ ನುಗ್ಗಿ ಬಂದ ಎದುರುಮನೆಯ ಪುಟ್ಟ ಹುಡುಗಿಗೆ ಕೊಟ್ಟಳು. ಆ ಹುಡುಗಿ ನಿಲ್ಲದೆ ಹಾರಿ ಹಾಕಿದಳು. ಎಷ್ಟು ಸಲೀಸು! ಅಜ್ಜಿ ಕೂಡ ಚಪ್ಪಾಳೆ ತಟ್ಟಿದರು.

ಕೋಚ್ ಸರ್ ನನ್ನ ಮಗಳನ್ನು ಹೊರಗೆ ಕರೆದರು. "ಗರ್ಭಗುಡಿಗೆ ಕಂಡಕಂಡವರನ್ನು ಕಳಿಸುದಾ ನೀನು?" ವಿರಾಮದಲ್ಲಿ ಪುಟ್ಟ ಹುಡುಗಿಗೆ ಹೋಳು ಸಿಕ್ಕಿತು. ನನ್ನವಳು ಕೈ ಚಾಚಿದಾಗ ಡಬ್ಬಿಯ ಮುಚ್ಚಳ ಮುಚ್ಚಿ, ಕಿರುಬೆರಳಿನ ಉಗುರಿನಿಂದ ಅದರ ಮೇಲೆ ಟಕಟಕ ಬಡಿದರು. ಆ ಸದ್ದು ಈಗಲೂ ಕಿವಿಯಲ್ಲಿದೆ. ಉಳಿದ ಆಟವೆಲ್ಲ ಅವಳು ಬೆಂಚಿನಲ್ಲಿ, ನಾವು ಸೋತೆವು. ರಿಕ್ಷಾದಲ್ಲಿ ಹಳದಿ ಬ್ಯಾಂಡ್ ಬಿಚ್ಚಿ ನನ್ನ ಕೈಗಿಟ್ಟು, "ಅಬ್ ನಹೀಂ ಖೇಲನಾ" ಎಂದಳು. ಮತ್ತೆ ಆಡಲಿಲ್ಲ. ನಾನೋ, ಹೊರಡುವಾಗ ಆ ಮನುಷ್ಯನಿಗೆ "ಥ್ಯಾಂಕ್ಯೂ ಸರ್" ಎಂದು ಬಂದಿದ್ದೆ. ಅವರ ಮೇಲಿನ ತಿರಸ್ಕಾರದಲ್ಲಿ ಒಂದು ಪಾಲು ನನಗೂ ಸಲ್ಲಬೇಕು.

ಸಂಜೆ ಕೋರ್ಟಿನ ಪಕ್ಕ ಫೋಟೋಗೆ ಚೆಂಡುಹೂವಿನ ಹಾರ. ಫೋಟೋದಲ್ಲಿ ಕೈ ಕಾಣುತ್ತಿರಲಿಲ್ಲ. ಶಿಸ್ತು ಎಂದರು ಒಬ್ಬರು, ತ್ಯಾಗ ಎಂದರು ಇನ್ನೊಬ್ಬರು. ನನ್ನ ಸರದಿ ಬಂದಾಗ ಎದ್ದು ಹಿಂದಿಯಲ್ಲಿ ಹೇಳಿದೆ: "ಬಾಲ್ ರಿಂಗಿಗೆ ಬಿದ್ದದ್ದನ್ನು ಎಲ್ಲರೂ ನೋಡುತ್ತಾರೆ. ಅದು ಯಾರ ಕೈಯಿಂದ ಬಂತು ಅಂತ ನೋಡೋದನ್ನ ನಾನು ಕಲಿತದ್ದು ಕೋಚ್ ಸರ್ ಇದ್ದದ್ದರಿಂದ. ಈ ಋಣ ಮರೆಯೋದಿಲ್ಲ." ಒಂದಕ್ಷರವೂ ಸುಳ್ಳಲ್ಲ. ಸೆಕ್ರೆಟರಿ ಕಣ್ಣೊರೆಸಿಕೊಂಡರು. ಇವರಿಗೆ ಯಾವುದೂ ನಾಟುವುದಿಲ್ಲ.

ಲಿಫ್ಟಿನಲ್ಲಿ ಎದುರುಮನೆಯ ಧಾರವಾಡದಾಕೆ, ಆ ಪುಟ್ಟ ಹುಡುಗಿಯ ತಾಯಿ, ಜೊತೆಗಿದ್ದರು.

"ಛಲೋ ಮಾತಾಡಿದ್ರಿ ನೋಡ್ರಿ. ಘಣಸೋಲಿಯೊಳಗ ನಮ್ಮಾಕಿ ಬಾಸ್ಕೆಟ್ ಹಾಕಿದ್ಲಲ್ಲ, ಆ ಫೋಟೋ ಇನ್ನೂ ನಮ್ಮ ಫ್ರಿಜ್ ಮ್ಯಾಲೆ ಅದ. ಬಾಜೂಕ ಯಾರದೋ ಹಳದಿ ಬ್ಯಾಂಡಿನ ಕೈಯೊಂದು ಅಡ್ಡ ಬಂದದ, ಅಷ್ಟ. ಕತ್ತರಿಸಿ ಫ್ರೇಮ್ ಹಾಕಸಬೇಕು ಅಂತೀನಿ, ಟೈಮಽ ಸಿಗವಲ್ದು."