ಬಾಣಂತಿ ಕೋಣೆಯ ಕಿಟಕಿ

ಬೆಳಿಗ್ಗೆ ಎದ್ದು ಮುಖ ತೊಳೆಯುವ ಮುಂಚೆ ಅಂಗಳಕ್ಕೆ ಹೋಗಿ ಆಕಾಶ ನೋಡುವುದು ನನ್ನ ಚಟ. ನನ್ನ ಓರಗೆಯವರಿಗೆ ತಂಬಾಕಿನ ಚಟ ಇದ್ದ ಹಾಗೆ. ಗಾಳಿ ಯಾವ ಕಡೆಯಿಂದ ಬೀಸಿತು, ರಾತ್ರಿ ನೆಲ ಎಷ್ಟು ತಣಿಯಿತು, ಒಣಗಲು ಹಾಕಿದ ಸೀರೆ ಎಷ್ಟು ಹೊತ್ತಿಗೆ ಒಣಗಿತು, ಇದೆಲ್ಲ ನನಗೆ ಬೇಕು. ಅಕ್ಷರ ಕಲಿತದ್ದೂ ಗೋಡೆಯ ಕ್ಯಾಲೆಂಡರಿನಲ್ಲಿ ಮಳೆ ನಕ್ಷತ್ರಗಳ ಹೆಸರು ಓದಲಿಕ್ಕೆ. ಬಹಳ ವರ್ಷ ಅಷ್ಟೇ ಬರುತ್ತಿತ್ತು. ಈಗಲೂ ಬರೆಯುವಾಗ ಒತ್ತಕ್ಷರಗಳು ಕೈ ಕೊಡುತ್ತವೆ.

ಹವೆ ಕೆಟ್ಟಿದೆ ಎಂದು ಟಿ.ವಿ.ಯವರು ದಿನಾ ಹೇಳುತ್ತಾರೆ. ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಎಂದು ಓಣಿಯ ಮುದುಕಿಯರು ಕಟ್ಟೆ ಮೇಲೆ ಕುಳಿತು ಹಲುಬುತ್ತಾರೆ. ಕೆಟ್ಟಿರುವುದು ಖರೆ. ಆದರೆ ಹಿಂದೆ ಏನೋ ಚಂದ ಇತ್ತು ಎನ್ನುವುದು ಸುಳ್ಳು. ನಮ್ಮ ಸೀಮೆಯ ಬಿಸಿಲು ಯಾವಾಗಲೂ ಮಂದಿಯನ್ನು ಕೊಂದಿದೆ. ನನ್ನ ಸೋದರಮಾವ ಯಾದಗಿರಿ ಸಂತೆಯಿಂದ ನಡೆದು ಬರುವಾಗ ಹಾದಿಯಲ್ಲೇ ಬಿದ್ದು ಹೋದ. ಬದಲಾದದ್ದು ಬಿಸಿಲಿನ ಜಾತಿ.

ನಾನು ಹುಟ್ಟಿದ್ದು ಬಳಿಚಕ್ರದಲ್ಲಿ. ಅಲ್ಲಿ ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ. ಅಲ್ಲಿಯ ಬಿಸಿಲು ಝಳ. ಮುಖಕ್ಕೆ ಬಡಿಯುತ್ತದೆ, ತುಟಿ ಒಡೆಯುತ್ತದೆ. ಆದರೆ ನೆರಳಿಗೆ ಹೋಗಿ ಒದ್ದೆ ಸೆರಗು ಹೊದ್ದರೆ ಮೈ ತಣ್ಣಗಾಗುತ್ತದೆ. ನನ್ನನ್ನು ಕೊಟ್ಟದ್ದು ಶಹಾಪುರದಾಚೆಯ ಒಂದು ಹಳ್ಳಿಗೆ. ನಾನು ಸೊಸೆಯಾಗಿ ಬಂದಾಗ ಇಲ್ಲಿಯೂ ಜೋಳ, ತೊಗರಿ, ಅದೇ ಝಳ. ಆಮೇಲೆ ಕಾಲುವೆ ಬಂತು. ಕರಿ ಹೊಲದಲ್ಲಿ ನೀರು ನಿಂತಿತು, ಬೇಸಿಗೆಯಲ್ಲೂ ಭತ್ತ ನಿಂತಿತು, ಜೊತೆಗೆ ಸೊಳ್ಳೆಯೂ ಬಂತು. ಬಿಸಿಲು ಕುದಿಯಾಯಿತು. ಅನ್ನ ಬೇಯುವ ಗಡಿಗೆಯ ಮೇಲೆ ಮುಖ ಹಿಡಿದಂತೆ. ಮೈಮೇಲಿನ ಬೆವರು ಮೈಮೇಲೇ ಇರುತ್ತದೆ, ಸೆರಗು ಒದ್ದೆ ಮಾಡಿ ಹೊದ್ದರೂ ಪ್ರಯೋಜನವಿಲ್ಲ. ಕಾಲುವೆ ಹೊಟ್ಟೆಗೆ ಹಾಕಿತು. ಅದನ್ನು ಬಯ್ಯುವ ಬಾಯಿ ನನಗಿಲ್ಲ. ಆದರೆ ಹವೆಯನ್ನು ತಿರುವಿದ್ದೂ ಅದೇ ಎನ್ನದೆ ಬಿಡುವವಳೂ ಅಲ್ಲ.

ಭತ್ತದ ದುಡ್ಡು ಬಂದ ಮೇಲೆ ಊರಲ್ಲಿ ಮಾಳಿಗೆ ಮನೆಗಳು ಬಿದ್ದವು. ಮಾಳಿಗೆ ಎಂದರೆ ಕಲ್ಲಿನ ದಪ್ಪ ಗೋಡೆ, ತೊಲೆ, ಜಂತಿ, ಅದರ ಮೇಲೆ ಮೊಳದಷ್ಟು ಮಣ್ಣು. ನಡುವೆ ಒಂದು ಬೆಳಕಿಂಡಿ. ಹೊಗೆಯೂ ಕಾವೂ ಅದರಿಂದ ಮೇಲೆ ಹೋಗುತ್ತಿದ್ದವು. ನನ್ನ ಗಂಡನೂ ನಮ್ಮದನ್ನು ಕೆಡವಿ ಸ್ಲ್ಯಾಬ್ ಹಾಕಿಸಿದ. ಮಳೆಗಾಲದಲ್ಲಿ ಸೋರುವುದು ನಿಂತಿತು ಎಂದು ನಾನೂ ಖುಷಿಪಟ್ಟೆ. ಬೇಸಿಗೆ ಬಂದಾಗ ಸ್ಲ್ಯಾಬ್ ಹಗಲೆಲ್ಲ ನುಂಗಿದ ಕಾವನ್ನು ಕೋಳಿ ಕೂಗುವ ತನಕ ಕಾರುತ್ತಿತ್ತು.

ನನ್ನ ಕಿರಿಯ ಮಗಳನ್ನು ರಾಮಸಮುದ್ರಕ್ಕೆ ಕೊಟ್ಟಿದ್ದೆವು. ಅಳಿಯ ಸಾಲಿ ಮಾಸ್ತರ. ಪೇಪರ್ ಓದದಿದ್ದರೆ ಅವರಿಗೆ ಉಂಡದ್ದು ಅರಗುವುದಿಲ್ಲ. ಒಂದು ಆಷಾಢದಲ್ಲಿ ಮಗಳನ್ನು ತವರಿಗೆ ಬಿಡಲು ಬಂದವರು ನಮ್ಮ ಪಡಸಾಲೆಯಲ್ಲಿ ಕುಳಿತು ಪೇಪರ್ ಬಿಚ್ಚಿದರು.

"ಅತ್ತಿ, ಇಂಗ್ಲೆಂಡಿನಾಗ ಸೆಕಿಗಿ ಮಂದಿ ಸಾಯಾಕತ್ತಾರಂತ ನೋಡ್ರಿ."

"ಎಷ್ಟು ಬಿಸಿಲದರಿ ಅಲ್ಲಿ?"

"ನಮ್ಮ ಶಿವರಾತ್ರಿ ಬಿಸಿಲಷ್ಟು."

"ಶಿವರಾತ್ರಿ ಬಿಸಿಲಿಗಿ ಸಾಯತಾರ? ಹಂಗಾದ್ರ ಅವರ್ನ ಒಮ್ಮಿ ಯಾದಗಿರಿ ಸ್ಟೇಷನ್ನಿನಾಗ ಇಳಸ್ರಿ. ಬ್ಯಾಸಗಿ ಅಂದ್ರ ಏನಂತ ಗೊತ್ತಾಗ್ತದ."

ಅವರು ನಕ್ಕರು. ಆಮೇಲೆ ಪೇಪರ್ ಮಡಚಿ ಹೇಳಿದರು. "ನಗೂ ಮಾತಲ್ರಿ ಅತ್ತಿ. ಅವರಿಗಿ ಬ್ಯಾಸಗಿ ಅಂದ್ರ ಮಳಿ ನಿಂತು ನಾಕ ದಿನ ಬಿಸಿಲು ಬೀಳೋದು. ಬಿಸಿಲು ಬಂದ್ರ ಹಬ್ಬ ಇದ್ದಂಗ ಹೊರಗ ಹೋಗಿ ಹುಲ್ಲಿನ ಮ್ಯಾಲ ಮಲಗತಾರ. ಮನಿ ಎಲ್ಲಾ ಚಳಿಗಿ ಕಟ್ಟಿದ್ದು. ಒಳಗಿನ ಕಾವು ಹೊರಗ ಹೋಗಬಾರದಂತ. ಈಗ ಹವಾ ಬ್ಯಾರೆ ಆಗ್ಯದ, ಮನಿ ಅದೇ ಅದ. ಮುದುಕರು ಕಿಟಕಿ ಹಾಕ್ಕೊಂಡು ಒಳಗ ಕುಂತು ಸತ್ತಾರ."

"ನಿಮ್ಮ ಮಾಸ್ತರಕಿ ಸಾಲ್ಯಾಗ ಇರ್ಲಿ, ಚಹಾ ಆರಾಕತ್ತದ" ಎಂದಳು ಮಗಳು.

ನನಗೆ ಅಯ್ಯೋ ಅನ್ನಿಸಲಿಲ್ಲ. ಅಷ್ಟು ಓದಿದ ಮಂದಿಗೆ ಕಿಟಕಿ ತೆಗೆಯಲು ಬರುವುದಿಲ್ಲವೇ ಎಂದುಕೊಂಡೆ.

ಮುಂದಿನ ಬೇಸಿಗೆಯಲ್ಲಿ ಮಗಳು ಚೊಚ್ಚಲ ಹೆರಿಗೆಗೆ ಬಂದಳು. ಹೆಣ್ಣು ಕೂಸು ಹುಟ್ಟಿತು. ಬಾಣಂತನ ಮಾಡಲು ಬಳಿಚಕ್ರದಿಂದ ನನ್ನ ಅಕ್ಕನನ್ನು ಕರೆಸಿದ್ದೆ. ಅವಳ ಕೈ ಎಂದರೆ ಸುತ್ತಲಿನ ಹಳ್ಳಿಗೆಲ್ಲ ಭರವಸೆ. ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರು ಎರೆಯುವುದು, ಬಾಣಂತಿಯ ಸೊಂಟ ಕಟ್ಟುವುದು, ಹೊರಸಿನ ಕೆಳಗೆ ಕುಳ್ಳಿನ ಬೆಂಕಿ ಇಟ್ಟು ಅಜವಾನದ ಹೊಗೆ ಹಾಕುವುದು, ಎಲ್ಲ ಅವಳ ಲೆಕ್ಕದಲ್ಲೇ ಆಗಬೇಕು. ಬಾಣಂತಿ ತಲೆಗೆ ಬಟ್ಟೆ ಕಟ್ಟಿರಬೇಕು, ಕಿವಿಗೆ ಹತ್ತಿ ಇಟ್ಟಿರಬೇಕು. ನೀರು ಗುಟುಕಿನಷ್ಟೇ. ಕೋಣೆಗೆ ಗಾಳಿ ಬರಬಾರದು.

ಈ ಗಾಳಿ ಎನ್ನುವ ಮಾತು ನಮ್ಮಲ್ಲಿ ಎರಡು ಕೆಲಸ ಮಾಡುತ್ತದೆ. ಬೀಸುವುದೂ ಗಾಳಿ, ಮೈಗೆ ಸೋಕಿ ಜೀವ ಒಯ್ಯುವುದೂ ಗಾಳಿ. ಹಿಂದಿನ ಬೇಸಿಗೆಯಲ್ಲಿ ನಮ್ಮ ಓಣಿಯ ಕೊನೆಯ ಮನೆಯಲ್ಲಿ ಒಂದು ಎಳೆಗೂಸು ಹೋಗಿತ್ತು. ಅದೂ ಹೊಸ ಸ್ಲ್ಯಾಬಿನ ಮನೆ. ಗಾಳಿ ಸೋಕಿತು ಎಂದರು. ಬಾಣಂತಿ ಸೆಕೆ ತಡೆಯಲಾರದೆ ತಲೆಯ ಬಟ್ಟೆ ಬಿಚ್ಚಿ ಬಾಗಿಲಲ್ಲಿ ನಿಂತಿದ್ದಳಂತೆ, ಅದಕ್ಕೇ ಆಯಿತು ಎಂದು ಅವಳ ಅತ್ತೆ ಊರೆಲ್ಲ ಹೇಳಿದಳು. ಅದರ ಅಂಜಿಕೆಗೆ ನಮ್ಮ ಬಾಣಂತಿ ಕೋಣೆಯ ಕಿಟಕಿಗೆ ಅಕ್ಕ ಗೋಣಿಚೀಲ ತುರುಕಿದ್ದಳು. ನಾನು ಸುತ್ತಿಗೆ ಕೊಟ್ಟೆ, ಅವಳು ಮೊಳೆ ಹೊಡೆದಳು.

ಐದನೆಯ ದಿನದ ಪೂಜೆ, ಐದೇಶಿ, ಮುಗಿದ ಮರುದಿನ. ಮಧ್ಯಾಹ್ನ ಮಗಳಿಗೆ ರೊಟ್ಟಿ, ಬೆಳ್ಳುಳ್ಳಿ ಖಾರ ಕೊಡಲು ಒಳಗೆ ಹೋದೆ. ಎಣ್ಣೆ, ಹೊಗೆ, ಬೆವರು ಕೂಡಿದ ವಾಸನೆ. ಮಗಳ ಮುಖ ಕೆಂಪಗೆ ಉಬ್ಬಿತ್ತು. ಕೂಸು ತಲೆಗೆ ಕುಂಚಿಗೆ ಹಾಕಿಕೊಂಡು, ಎರಡು ಬಟ್ಟೆಯಲ್ಲಿ ಸುತ್ತಿಸಿಕೊಂಡು ಮಲಗಿತ್ತು. ಅಕ್ಕ ಬೆಳಿಗ್ಗೆ ಒಗೆದು ಒಳಗಿನ ಹಗ್ಗಕ್ಕೆ ಹಾಕಿದ್ದ ತುಂಡು ಬಟ್ಟೆ ಇನ್ನೂ ಒದ್ದೆ ಇತ್ತು. ಅದನ್ನು ಮುಟ್ಟಿದೆ. ಗೋಡೆ ಮುಟ್ಟಿದೆ. ಗೋಡೆ ಸುಡುತ್ತಿತ್ತು, ಬಟ್ಟೆ ಒಣಗಿರಲಿಲ್ಲ.

"ಕೂಸು ಹಾಲು ಕುಡೀತೇನು?"

"ಮುಂಜಾನಿಂದ ಬಾಯಿ ಹಚ್ಚವಲ್ದು, ಯವ್ವಾ. ಬರೇ ಮಲಗತದ."

"ಶಾಣೇ ಕೂಸು" ಎಂದಳು ಅಕ್ಕ ನನ್ನ ಮಗಳಿಗೆ, ಬೆಂಕಿಗೆ ಕುಳ್ಳು ಸರಿಸುತ್ತ. "ಅಳಂಗಿಲ್ಲ, ಕಾಡಂಗಿಲ್ಲ. ನೀ ಹುಟ್ಟಿದಾಗ ಓಣಿಗಿ ನಿದ್ದಿ ಇರಲಿಲ್ಲ."

"ಬಟ್ಟಿ ತೊಯ್ಸ್ಯದೇನು?"

ಮಗಳು ಅಕ್ಕನ ಮುಖ ನೋಡಿದಳು. "ಇಲ್ಲ, ಮುಂಜಾನಿಂದ."

ಕುಂಚಿಗೆ ಸರಿಸಿ ನೆತ್ತಿ ಮುಟ್ಟಿದೆ. ಕುಳಿ ಬಿದ್ದಿತ್ತು. ಬಾಯೊಳಗೆ ಬೆರಳಿಟ್ಟೆ, ಒಣಗಿತ್ತು. ಕೂಸು ಬೆರಳು ಚೀಪಲಿಲ್ಲ. ಆಗ ನನಗೆ ಆ ಇಂಗ್ಲೆಂಡಿನ ಮುದುಕರು ನೆನಪಾದರು. ಚಳಿಗೆ ಕಟ್ಟಿದ ಮನೆಯಲ್ಲಿ ಕಿಟಕಿ ಹಾಕಿಕೊಂಡು ಕುಳಿತವರು. ನಾವೂ ಹಾಗೇ ಕುಳಿತಿದ್ದೆವು. ಮಾಳಿಗೆಯ ತಂಪಿಗೆ ಮಾಡಿದ ಬೆಂಕಿಯನ್ನು ಸ್ಲ್ಯಾಬಿನ ಕೆಳಗೆ ಹಚ್ಚಿದ್ದೆವು.

ಎದ್ದು ಕಿಟಕಿಯ ಗೋಣಿಚೀಲಕ್ಕೆ ಕೈ ಹಾಕಿದೆ.

"ಏನ್ ಮಾಡಾಕತ್ತಿ?"

"ಕಿಟಕಿ ತಗೀತೀನಿ."

ಅಕ್ಕ ಬಂದು ಅಡ್ಡ ನಿಂತಳು. "ತಲಿ ತಿರಗ್ಯದೇನು ನಿನಗ? ಗಾಳಿ ಬಡದ್ರ ಕೂಸು ಕೈಗಿ ಸಿಗಂಗಿಲ್ಲ. ಹ್ವಾದ ಬ್ಯಾಸಗಿ ಮರತಿ?"

"ಮರತಿಲ್ಲ. ಆ ಕೂಸಿಗಿ ಯಾವ ಗಾಳಿ ಬಡೀತು, ಅಕ್ಕಾ? ಆ ಮನ್ಯಾಗ ಗಾಳಿ ಹೋಗಾಕ ತೂತು ಎಲ್ಲಿತ್ತು?"

"ನೂರು ಬಾಣಂತನ ಮಾಡೀನಿ ನಾ."

"ಬಳಿಚಕ್ರದಾಗ ಮಾಡೀದಿ, ಮಾಳಿಗಿ ಕೆಳಗ. ಮ್ಯಾಲ ನೋಡು. ಇದು ಮಾಳಿಗಿ ಅಲ್ಲ, ರೊಟ್ಟಿ ಹಂಚು. ಮ್ಯಾಲ ಹಂಚು ಕಾಯಾಕತ್ತದ, ಕೆಳಗ ನೀ ಬೆಂಕಿ ಹಾಕಾಕತ್ತಿ. ನಡುವ ನನ್ನ ಮಗಳು, ಅಕಿ ಮಗಳು."

"ಏನರ ಆದ್ರ?"

"ಆದ್ರ ನನ್ನ ತಲಿ ಮ್ಯಾಲಿರ್ಲಿ. ಆಚಿಗಿ ಸರಿ."

ಅವಳು ಸರಿಯಲಿಲ್ಲ. ನನಗಿಂತ ದೊಡ್ಡವಳು, ನನ್ನನ್ನು ಎತ್ತಿ ಆಡಿಸಿದವಳು. ರಟ್ಟೆ ಹಿಡಿದು ಅವಳನ್ನು ಪಕ್ಕಕ್ಕೆ ಸರಿಸಿದೆ. ಗೋಣಿಚೀಲ ಕಿತ್ತೆ. ಬೆಂಕಿಯ ಕಬ್ಬಿಣದ ಬುಟ್ಟಿಯನ್ನು ಅಂಗಳಕ್ಕೆ ಒಯ್ದು ಸುರಿದೆ. ಮಗಳಿಗೆ ಕಾಯಿಸಿ ಆರಿಸಿದ ನೀರು ಒಂದು ತಂಬಿಗೆ ಕೊಟ್ಟೆ. ಇಷ್ಟು ನೀರು ಕುಡಿದರೆ ಬಾಣಂತಿಗೆ ದೊಡ್ಡ ಹೊಟ್ಟೆ ಬರುತ್ತದೆ ಎಂದು ಅಕ್ಕ ಅಂದಳು. ಬರಲಿ ಎಂದೆ. ಮಗಳು ನಿಲ್ಲಿಸದೆ ಕುಡಿದಳು. ಕೂಸಿನ ಬಟ್ಟೆ ಬಿಚ್ಚಿ, ಒದ್ದೆ ಅರಿವೆಯಿಂದ ಮೈ ಒರೆಸಿ, ಪಡಸಾಲೆಯ ಬಾಗಿಲ ಬಳಿ ಗಾಳಿ ಆಡುವ ಜಾಗದಲ್ಲಿ ತೊಡೆಯ ಮೇಲೆ ಹಾಕಿಕೊಂಡು ಕುಳಿತೆ. ಸ್ವಲ್ಪ ಹೊತ್ತಿಗೆ ಅದು ಅತ್ತಿತು. ಬೆಕ್ಕಿನ ಮರಿ ಅತ್ತಷ್ಟೇ ದನಿ.

ನಾನು ಡಾಕ್ಟರಲ್ಲ. ಗಂಡನನ್ನು ಓಡಿಸಿ ಟಂಟಂ ಆಟೋ ತರಿಸಿ ಶಹಾಪುರದ ದವಾಖಾನೆಗೆ ಹೊರಟೆವು. ಯಾರೂ ಕರೆಯದೆ ಅಕ್ಕ ಬಂದು ಹತ್ತಿದಳು. ಹಾದಿಯುದ್ದಕ್ಕೂ ಸೆರಗಿನಿಂದ ಕೂಸಿಗೆ ಬಿಸಿಲು ಬೀಳದಂತೆ ಮರೆ ಹಿಡಿದಿದ್ದಳು. ಡಾಕ್ಟರಮ್ಮ ನೋಡಿ, ಸಲೈನ್ ಹಚ್ಚಿಸಿ ಹೇಳಿದಳು. "ಸಂಜಿತನ ತರದೆ ಇದ್ದಿದ್ರ ನನ್ನ ಕೈಯಾಗ ಇರ್ತಿರಲಿಲ್ಲ. ಇಷ್ಟು ಸೆಕಿಯಾಗ ಬೆಂಕಿ ಯಾರು ಹಾಕಂದ್ರು ನಿಮಗ?"



ಮರುದಿನ ಕೂಸು ಹಾಲು ಕುಡಿಯಿತು. ಮನೆಗೆ ತಂದೆವು. ಸುದ್ದಿ ನಮಗಿಂತ ಮುಂಚೆ ಊರು ಮುಟ್ಟಿತ್ತು. ಸಂಜೆ ಕೊನೆಯ ಮನೆಯ ಸೊಸೆ ಬಂದಳು, ಹಿಂದಿನ ಬೇಸಿಗೆಯಲ್ಲಿ ಕೂಸು ಕಳೆದುಕೊಂಡವಳು. ಕೂಸಿನ ಮುಖ ನೋಡಲಿಲ್ಲ. ನನ್ನೆದುರು ಕುಳಿತು ಕೇಳಿದಳು.

"ಆಯಿ, ನಂದೂ ಹಿಂಗ ಆಗಿತ್ತೇನ್ರಿ?"

ಹೌದೆಂದರೆ ಮುಚ್ಚಿದ ಕೋಣೆಯೇ ಕೊಂದಿತು ಎಂದಂತೆ. ಇಲ್ಲವೆಂದರೆ ತಲೆಯ ಬಟ್ಟೆ ಬಿಚ್ಚಿದ ಪಾಪ ಅವಳ ಮೇಲೇ ಉಳಿಯುತ್ತದೆ.

"ನಾ ನೋಡಿಲ್ಲವ್ವ" ಎಂದೆ. "ಆದ್ರ ನೀ ಬಾಗಿಲಾಗ ನಿಂತಿದ್ದಕ್ಕ ಹೋಗಿಲ್ಲ. ಅಷ್ಟು ಖರೇ. ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕಿತ್ತು, ಕೂಸನ್ನೂ ಎತಗೊಂಡು."

ಅವಳು ಅಳಲಿಲ್ಲ. ಎದ್ದು ಹೋಗುವಾಗ, ಇದನ್ನು ನಮ್ಮ ಅತ್ತೆಗೂ ಹೇಳಿರಿ ಎಂದಳು. ಅಂದೇ ಹೋಗಿ ಹೇಳಿದೆ. ಆ ಮುದುಕಿ ನನಗೆ ಬಾಯಿಗೆ ಬಂದಂತೆ ಬೈದಳು, ಬಾಗಿಲು ಹಾಕಿಕೊಂಡಳು. ಆದರೆ ಸೊಸೆಯ ಮೇಲಿನ ಆ ಮಾತು ಆಮೇಲೆ ಓಣಿಯಲ್ಲಿ ಕೇಳಲಿಲ್ಲ.

ಅಕ್ಕ ಬಾಣಂತನ ಪೂರ್ತಿ ಮಾಡಿಯೇ ಹೋದಳು. ಬೆಂಕಿ ಹಾಕಲಿಲ್ಲ, ನೀರು ಎರೆಯುವುದು ಬಿಡಲಿಲ್ಲ. ನನ್ನ ಜೊತೆ ಬೇಕಾದಷ್ಟೇ ಮಾತು. ಬಳಿಚಕ್ರಕ್ಕೆ ಹೊರಟ ದಿನ ಬಸ್ ನಿಲ್ದಾಣದಲ್ಲಿ ಗಂಟು ಕಂಕುಳಲ್ಲಿ ಇಟ್ಟುಕೊಂಡು ಕೇಳಿದಳು.

"ಶಹಾಪುರ, ಸುರಪುರ ಕಡಿ ಎಲ್ಲಾ ಸ್ಲ್ಯಾಬ್ ಆಗ್ಯಾವೇನು?"

"ಬಹುತೇಕ ಆಗ್ಯಾವ."

"ಮತ್ತ ಅಲ್ಲಿ ಮುದುಕೇರು ಬೆಂಕಿ ಹಾಕಾಕತ್ತಾರೇನು?"

"ಹಾಕಾಕತ್ತಾರ."

ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟು ನನ್ನ ಕಡೆ ತಿರುಗಿದಳು. "ಹವಾ ಕೆಟ್ಟದ, ತಂಗಿ. ನನ್ನ ಕೈ ಕೆಟ್ಟಿಲ್ಲ."

"ಕೆಟ್ಟಿಲ್ಲ" ಎಂದೆ. "ಹೋಗಿ ಆ ಮುದುಕೇರಿಗೂ ಹೇಳು."